ಪ್ಲೇನಿಂಗ್ ಯಂತ್ರ ಶೆಡ್ ಸೇರಿತು: ಹೆಗಲು ಕೊಟ್ಟವರಿಗೆ ನಮ್ಮ ವಂದನೆ

ಸಾಗರದ ಹೊರವಲಯದಲ್ಲಿರುವ ನಮ್ಮ ಮರಗೆಲಸದ ಶೆಡ್ಡಿನಲ್ಲಿ 24 ಇಂಚು ಅಗಲದ, ಸುಮಾರು ಒಂದೂವರೆ ಟನ್ ತೂಗುವ, ಹಲಗೆಗಳನ್ನು ಹೆರೆದು ಮಟ್ಟ ಮಾಡುವ ಪ್ಲೇನಿಂಗ್ ಯಂತ್ರವೊಂದು ಪಾಯದ ಮೇಲೆ ಭದ್ರವಾಗಿ ಕುಳಿತು ಕೆಲಸ ಆರಂಭಿಸಿದೆ. ನಾವು ನಾಲ್ವರು ಬಡಗಿಗಳು ಪಾಲು ಹಾಕಿ ಕೊಂಡ, ಹಳೆಯದಾದರೂ ಗಟ್ಟಿಮುಟ್ಟಾದ ಯಂತ್ರವಿದು. ಹಣ ಕೊಟ್ಟವರು ನಾವೇ ಆದರೂ ಬೆಂಗಳೂರಿನ ಪೀಣ್ಯದಿಂದ ಶೆಡ್ಡಿನ ಒಳಗಿನವರೆಗೆ ಅದನ್ನು ತಂದು ನಿಲ್ಲಿಸಿದವರು ಬೇರೆ ಹಲವರು. ಅವರಲ್ಲಿ ಕೆಲವರಿಗೆ ಕೂಲಿ ಸಂದಿದೆ, ಕೆಲವರು ಒಂದು ಲೋಟ ಚಹಾದ ಹೊರತು ಏನನ್ನೂ ಮುಟ್ಟಲಿಲ್ಲ. ಹೆಸರು ಹಾಕುವುದು ಬೇಡವೆಂದು ಹೆಚ್ಚಿನವರು ಹೇಳಿರುವುದರಿಂದ, ಅವರವರ ಕೆಲಸವನ್ನೇ ಹೇಳಿ ನಾಲ್ವರ ಪರವಾಗಿ ಇಲ್ಲಿ ವಂದನೆ ಸಲ್ಲಿಸುತ್ತಿದ್ದೇನೆ.

ಇಂಥ ಯಂತ್ರ ನಮಗೇಕೆ ಬೇಕಾಯಿತೆಂಬುದನ್ನು ಮೊದಲು ಚುಟುಕಾಗಿ ತಿಳಿಸುತ್ತೇನೆ. ಬಾಗಿಲು, ಮಂಚ, ದೇವರ ಮಂಟಪಗಳಿಗೆ ನಮ್ಮಲ್ಲಿಗೆ ಬರುವ ಮರ ಹಲಸು, ಹೊನ್ನೆ, ಸಾಗುವಾನಿ, ಈಚೆಗೆ ಹೆಚ್ಚಾಗಿ ಅಕೇಶಿಯಾ. ಮಿಲ್ಲಿನಲ್ಲಿ ಸೀಳಿಸಿ ತಂದ ಹಲಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಸೊಟ್ಟಗಾಗಿರುತ್ತದೆ. ಕೈಯಲ್ಲಿ ಹಿಡಿಯುವ ವಿದ್ಯುತ್ ಹತ್ತರಿ ಮೇಲ್ಮೈಯನ್ನು ನುಣುಪು ಮಾಡುತ್ತದೆಯೇ ಹೊರತು, ಅಗಲ ಹಲಗೆಯ ಸೊಟ್ಟವನ್ನು ತೆಗೆದು ಎರಡೂ ಮುಖಗಳನ್ನು ಸಮಾನಾಂತರಕ್ಕೆ ತರುವುದು ಅದರಿಂದ ಆಗದ ಕೆಲಸ. ಹಾಗಾಗಿ ಹಲಗೆಗಳನ್ನು ಶಿವಮೊಗ್ಗಕ್ಕೆ ಸಾಗಿಸಿ, ಅಲ್ಲಿ ಸರದಿ ಕಾದು, ಇಂಥ ಯಂತ್ರದಲ್ಲಿ ಹಾಯಿಸಿಕೊಂಡು ಬರುವುದು ನಮಗೆ ರೂಢಿಯಾಗಿತ್ತು. ಅದರ ಬದಲು ಮರ ಸೀಳುವ ಬ್ಯಾಂಡ್ ಸಾ ಕೊಳ್ಳಿ ಎಂದು ಸಲಹೆ ಕೊಟ್ಟವರೂ ಇದ್ದರು. ದುಂಡು ಮರ ಸೀಳುವ ಯಂತ್ರಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕಾಗುತ್ತದೆ, ಅದು ಸುಲಭಕ್ಕೆ ಸಿಗುವಂಥದ್ದೂ ಅಲ್ಲ. ಸೀಳುವ ಕೆಲಸ ಮಿಲ್ಲಿನವರಿಗೇ ಇರಲಿ ಎಂದುಕೊಂಡು ಪ್ಲೇನಿಂಗ್ ಯಂತ್ರವೇ ಸಾಕೆಂದು ತೀರ್ಮಾನಿಸಿದೆವು. ಇದರ ಮೇಲುಗಡೆಯ ಮೇಜಿನ ಮೇಲೆ ಹಲಗೆಯ ಒಂದು ಮುಖ ಮಟ್ಟವಾಗುತ್ತದೆ, ಅದನ್ನೇ ಕೆಳಗಡೆಯ ಮೇಜಿನಲ್ಲಿ ಹಾಯಿಸಿದರೆ ದಪ್ಪ ಒಂದೇ ಸಮನಾಗುತ್ತದೆ.

ಹಣ ಹೊಂದಿಸಿದ ಕಥೆ ದೊಡ್ಡದೇನಲ್ಲ. ನಮ್ಮಲ್ಲಿ ಇಬ್ಬರು 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿಗಳಾಗಿ ನೋಂದಾಯಿಸಿಕೊಂಡು, ಶೇ 5ರ ಬಡ್ಡಿಯಲ್ಲಿ ಮೊದಲ ಹಂತದ 1 ಲಕ್ಷ ರೂಪಾಯಿಯ ಸಾಲ ಪಡೆದಿದ್ದರು. ಉಳಿದುದಕ್ಕೆ ಬ್ಯಾಂಕಿಗೆ ಹೋದಾಗ, ಹಳೆಯ ಯಂತ್ರಕ್ಕೆ ಸಾಲವೆಂದ ಕೂಡಲೇ ಬಾಗಿಲು ಮುಚ್ಚದೆ, ಚಾರ್ಟರ್ಡ್ ಎಂಜಿನಿಯರರ ಮೌಲ್ಯಮಾಪನ ಪತ್ರ ತಂದರೆ ಪರಿಶೀಲಿಸಬಹುದೆಂದು ತಿಳಿಸಿ, ಬೇಕಾದ ಕಾಗದಗಳನ್ನೆಲ್ಲ ಒಂದು ಹಾಳೆಯಲ್ಲಿ ತಾವೇ ಬರೆದುಕೊಟ್ಟ ಸಾಲ ವಿಭಾಗದ ಮೇಡಂ ಅವರಿಗೆ ನಾವು ಋಣಿಗಳು. ಸಾಲಕ್ಕೂ ಬೆಲೆಗೂ ನಡುವೆ ಉಳಿದ ಅಂತರವನ್ನು ತುಂಬಿದ್ದು ನಮ್ಮ ನಾಲ್ಕು ಮನೆಗಳ ಹೆಂಗಸರ ಒಡವೆ. ಅವು ಇನ್ನೂ ಬ್ಯಾಂಕಿನಲ್ಲೇ ಇವೆ. ಅವನ್ನು ಬಿಡಿಸಿಕೊಂಡು ಬರುವವರೆಗೆ ಬಾಯಿಮಾತಿನ ವಂದನೆಗೆ ಅವರ ಮುಂದೆ ಹೆಚ್ಚಿನ ಬೆಲೆಯಿಲ್ಲವೆಂಬುದು ನಮಗೂ ಗೊತ್ತಿದೆ.

ಎಲ್ಲಕ್ಕಿಂತ ಹೆಚ್ಚು ಬರೆಯಬೇಕಾದುದು ಬೆಂಗಳೂರಿನಲ್ಲಿರುವ ನಿವೃತ್ತ ಮೆಂಟೆನೆನ್ಸ್ ಫಿಟ್ಟರ್ ಒಬ್ಬರ ಬಗ್ಗೆ. ನಮ್ಮಲ್ಲೊಬ್ಬರ ಭಾವನವರ ಪರಿಚಯದಿಂದ ಸಿಕ್ಕ ಈ ಹಿರಿಯರು, ಮೊಣಕಾಲು ನೋವಿದ್ದರೂ ನಮ್ಮೊಂದಿಗೆ ಗೋದಾಮುಗಳನ್ನು ಸುತ್ತಿದರು. ಮೊದಲು ನೋಡಿದ್ದು ಹಸಿರು ಬಣ್ಣ ಬಳಿದು ಮಿರಮಿರನೆ ನಿಲ್ಲಿಸಿದ್ದ ಒಂದು ಯಂತ್ರವನ್ನು, ಬೆಲೆಯೂ ಕಡಿಮೆಯಿತ್ತು. ಅವರು ಟಾರ್ಚ್ ಹಿಡಿದು ಬಗ್ಗಿ, ಮೇಜಿನ ಅಡಿಯಲ್ಲಿ ಬಣ್ಣದ ಕೆಳಗೆ ಉಬ್ಬಿದ್ದ ಗೆರೆಯೊಂದರ ಮೇಲೆ ಉಗುರು ಎಳೆದು ತೋರಿಸಿದರು. ಎರಕದ ಕಬ್ಬಿಣ ಒಡೆದಿದ್ದನ್ನು ವೆಲ್ಡಿಂಗ್ ಮಾಡಿ ಮುಚ್ಚಿದ್ದ ಗುರುತು ಅದು. ಎರಕ ಎಷ್ಟು ಭಾರವನ್ನಾದರೂ ಹೊರುತ್ತದೆ, ಪೆಟ್ಟನ್ನು ಮಾತ್ರ ತಡೆಯದು, ಒಮ್ಮೆ ಬಿರಿದರೆ ಬೆಸುಗೆಯನ್ನು ನಂಬುವಂತಿಲ್ಲ ಎಂದು ಅಲ್ಲೇ, ಮಾರುವವರ ಎದುರೇ, ಮೆಲುದನಿಯಲ್ಲಿ ಹೇಳಿ ಹೊರಟರು.

ಈಗ ನಮ್ಮಲ್ಲಿರುವ ಯಂತ್ರವನ್ನು ಅವರು ಪರೀಕ್ಷಿಸಿದ ಕ್ರಮವನ್ನು ನೋಡಿದ್ದೇ ನಮಗೊಂದು ಪಾಠವಾಯಿತು. ಬೆಲ್ಟ್ ಕಳಚಿ, ಬ್ಲೇಡುಗಳನ್ನು ಹೊತ್ತು ತಿರುಗುವ ಕಟರ್ ಬ್ಲಾಕನ್ನು ಕೈಯಿಂದ ನಿಧಾನವಾಗಿ ತಿರುಗಿಸುತ್ತ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಕವಚಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸಿದರು. ಆಮೇಲೆ ನಮ್ಮ ನಾಲ್ವರ ಕೈಗೂ ಅದನ್ನು ಕೊಟ್ಟು ಕೇಳಿಸಿದರು. ಮೇಜುಗಳ ಮೇಲೆ ಸ್ಟ್ರೇಟ್ ಎಡ್ಜ್ ಎಂಬ ನೇರಪಟ್ಟಿಯನ್ನು ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಇಟ್ಟು ಅದರಡಿ ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿ ನೋಡಿದರು. ಬ್ಲೇಡ್ ಕಚ್ಚಿ ಹಿಡಿಯುವ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚಿ ಅವುಗಳ ತಿರುಪಿನ ಸುತ್ತುಗಳನ್ನು ಪರಿಶೀಲಿಸಿದರು, ಏಕೆಂದರೆ ಅತಿವೇಗದಲ್ಲಿ ತಿರುಗುವ ಬ್ಲಾಕಿನಿಂದ ಬ್ಲೇಡು ಕಿತ್ತು ಬಂದರೆ ಎದುರು ನಿಂತವರ ಗತಿ ಏನೆಂದು ಹೇಳಬೇಕಾಗಿಲ್ಲ. ಕಟರ್ ಬ್ಲಾಕ್ ದುಂಡಗಿನದೇ ಆಗಿರಬೇಕು, ಚೌಕದ್ದಾದರೆ ಮುಟ್ಟಲೇಬೇಡಿ ಎಂಬುದು ಅವರ ಮೊದಲ ಷರತ್ತಾಗಿತ್ತು. ಚೌಕದ ಬ್ಲಾಕಿಗೂ ಮೇಜಿನ ಅಂಚಿಗೂ ನಡುವೆ ಉಳಿಯುವ ಸಂದಿಯಲ್ಲಿ ಬೆರಳು ಸಿಕ್ಕರೆ ಒಳಕ್ಕೆಳೆದುಕೊಳ್ಳುತ್ತದೆ. ಕೈಯಿಂದ ಹಲಗೆ ತಳ್ಳುವ ಯಂತ್ರಗಳಲ್ಲಿ ದುಂಡು ಬ್ಲಾಕೇ ಇರಬೇಕೆಂದು ಇಂಗ್ಲೆಂಡಿನಲ್ಲಿ 1922ರ ನಿಯಮಗಳೇ ವಿಧಿಸಿದ್ದವು. ಶತಮಾನದ ಹಿಂದೆ ಅಲ್ಲಿ ನಿಯಮವಾದುದು ನಮ್ಮ ಗುಜರಿ ಮಾರುಕಟ್ಟೆಗೆ ಇನ್ನೂ ಪೂರ್ತಿ ತಲುಪಿಲ್ಲವೆಂಬುದು ಆ ಸುತ್ತಾಟದಲ್ಲಿ ನಮಗೆ ಮನದಟ್ಟಾಯಿತು. ಇಷ್ಟೆಲ್ಲ ಮಾಡಿದ ಹಿರಿಯರು ಸಂಭಾವನೆಯ ಮಾತೆತ್ತಿದಾಗ, ಹಲಸಿನ ಮರದ ಒಂದು ಮಣೆ ಮಾಡಿ ಕಳಿಸಿ ಎಂದಷ್ಟೇ ಹೇಳಿದರು. ಮಣೆ ಸಿದ್ಧವಾಗಿದೆ, ಬೆಂಗಳೂರಿಗೆ ಹೋಗುವವರ ಕೈಯಲ್ಲಿ ತಲುಪಿಸುತ್ತೇವೆ.

ಯಂತ್ರವನ್ನು ಮಾರಿದ ಕುಟುಂಬಕ್ಕೂ ವಂದನೆ ಸಲ್ಲಬೇಕು. ತಂದೆಯವರು ನಡೆಸುತ್ತಿದ್ದ ಪೀಠೋಪಕರಣದ ಕಾರ್ಖಾನೆಯನ್ನು ಮುಚ್ಚುವ ಸಂಕಟದಲ್ಲಿದ್ದರೂ ಮಗಳು ಯಂತ್ರದ ಹಳೆಯ ಕೈಪಿಡಿ, ಬಳಸದೆ ಎಣ್ಣೆ ಕಾಗದದಲ್ಲಿ ಸುತ್ತಿಟ್ಟಿದ್ದ ಒಂದು ಜೊತೆ ಬ್ಲೇಡು, ಬ್ಲೇಡ್ ಕೂರಿಸುವ ಅಳತೆಪಟ್ಟಿ ಎಲ್ಲವನ್ನೂ ಹುಡುಕಿ ತೆಗೆದು ಯಂತ್ರದೊಂದಿಗೇ ಕಳುಹಿಸಿದರು. ಪಾಯದ ಬೋಲ್ಟುಗಳು ಎಲ್ಲೆಲ್ಲಿ ಬರುತ್ತವೆಂಬುದನ್ನು ರಟ್ಟಿನ ಮೇಲೆ ಗುರುತು ಮಾಡಿ ಮುಂಚಿತವಾಗಿಯೇ ಕೊಟ್ಟದ್ದರಿಂದ, ಯಂತ್ರ ಬರುವ ಮೊದಲೇ ಇಲ್ಲಿ ಪಾಯ ಹಾಕಿಸಲು ಸಾಧ್ಯವಾಯಿತು.

ಸಾಗಣೆಯ ದಿನ ಮಾತ್ರ ನಮ್ಮ ಎದೆ ಬಡಿದುಕೊಂಡಿತು. ಡೋರ್ ಡೆಲಿವರಿ ಎಂದು ಒಪ್ಪಿ ಮುಂಗಡ ಪಡೆದಿದ್ದ ಸಾರಿಗೆ ಕಚೇರಿಯೊಂದು ಕಳುಹಿಸಿದ್ದು ನಾಲ್ಕೂ ಕಡೆ, ಮೇಲೂ ಮುಚ್ಚಿದ ಕಂಟೇನರ್ ಲಾರಿಯನ್ನು. ಹೈಡ್ರಾ ಕ್ರೇನು ಯಂತ್ರವನ್ನು ಮೇಲಿನಿಂದ ಇಳಿಸಿ ಕೂರಿಸಬೇಕಾದುದರಿಂದ ತೆರೆದ ಬಾಡಿಯ ಲಾರಿಯೇ ಬೇಕೆಂದು ಮೊದಲೇ ತಿಳಿಸಿದ್ದೆವು. ಬೇರೆ ಲಾರಿ ಇಲ್ಲ, ಬೇಕಿದ್ದರೆ ಇದನ್ನೇ ತುಂಬಿಸಿಕೊಳ್ಳಿ ಎಂಬ ಉತ್ತರ ಬಂತು. ಮುಂಗಡದ ಹಣ ಇಂದಿಗೂ ಬಂದಿಲ್ಲ. ಗಂಟೆಗೆ ಲೆಕ್ಕ ಹಾಕುವ ಕ್ರೇನು ಬಾಗಿಲಲ್ಲಿ ನಿಂತಿರುವಾಗ, ಅದೇ ರಸ್ತೆಯಲ್ಲಿ ಸರಕು ಇಳಿಸಿ ಖಾಲಿಯಾಗಿದ್ದ ತೆರೆದ ಐಷರ್ ಲಾರಿಯ ಚಾಲಕ ಮಾಲೀಕರೊಬ್ಬರು ತಾವಾಗಿಯೇ ಬಂದು, ಸಮಯ ನೋಡಿ ಬೆಲೆ ಏರಿಸದೆ, ನ್ಯಾಯವಾದ ಬಾಡಿಗೆಗೆ ಒಪ್ಪಿಕೊಂಡರು. ಯಂತ್ರ ಎತ್ತುವ ಬೆಲ್ಟನ್ನು ಮೇಜಿಗಾಗಲಿ ಕಟರ್ ಬ್ಲಾಕಿಗಾಗಲಿ ಹಾಕದೆ ಬುಡದ ಚೌಕಟ್ಟಿಗೇ ಹಾಕಬೇಕೆಂಬ ಫಿಟ್ಟರ್ ಹಿರಿಯರ ಮಾತನ್ನು ಕ್ರೇನಿನವರು ಅಕ್ಷರಶಃ ಪಾಲಿಸಿದರು.

50,000 ರೂಪಾಯಿಗಿಂತ ಹೆಚ್ಚಿನ ಸರಕಿಗೆ ಜಿಎಸ್‌ಟಿಯ ಸಾಗಣೆ ಪತ್ರವಾದ ಇ-ವೇ ಬಿಲ್ ಕಡ್ಡಾಯ, ಅದರಲ್ಲಿ ಲಾರಿಯ ಸಂಖ್ಯೆಯೂ ಇರಬೇಕು; ಲಾರಿ ಬದಲಾದ ಕೂಡಲೇ ಅದನ್ನೂ ಬದಲಿಸಬೇಕು. ಸಾಗರದಲ್ಲಿ ಲೆಕ್ಕಪತ್ರದ ಕಚೇರಿ ಇಟ್ಟುಕೊಂಡಿರುವ ನಮ್ಮ ತಂಗಿಯಂಥವಳೊಬ್ಬಳು ಮದುವೆ ಮನೆಯಲ್ಲಿ ಊಟಕ್ಕೆ ಕುಳಿತಿದ್ದವಳು ಎದ್ದು ಹೋಗಿ ಅದನ್ನು ಸರಿಪಡಿಸಿದಳು. ಅವಳಿಗೆ ಒಂದು ಊಟ ಬಾಕಿ ಇದೆ.

ಲಾರಿ ತುಮಕೂರು, ಅರಸೀಕೆರೆ, ಕಡೂರು ದಾಟಿ ತರೀಕೆರೆಯ ಬಳಿ ರಾತ್ರಿ ತಂಗಿ, ಮರುದಿನ ಶಿವಮೊಗ್ಗ, ಆನಂದಪುರದ ಮೇಲೆ ಸಾಗರ ತಲುಪಿತು. ನಿಜವಾದ ಪರೀಕ್ಷೆ ಆರಂಭವಾದದ್ದು ಇಲ್ಲಿ. ಮುಖ್ಯ ರಸ್ತೆಯಿಂದ ಶೆಡ್ಡಿಗೆ ಬರುವ ಓಣಿಯಲ್ಲಿ ಕಲ್ಲುಚಪ್ಪಡಿಯ ಹಳೆಯ ಮೋರಿಯೊಂದಿದೆ. ಎತ್ತಬೇಕಾದ ಯಂತ್ರ ಒಂದೂವರೆ ಟನ್ನಿನದಾದರೂ ಅದನ್ನು ಎತ್ತುವ ಹೈಡ್ರಾದ ಸ್ವಂತ ತೂಕವೇ ಹತ್ತು ಟನ್ನಿನ ಆಸುಪಾಸು. ಮೋರಿ ಅದನ್ನು ತಾಳುವುದಿಲ್ಲ. ಪಕ್ಕದ ತೋಟದ ಹೆಗಡೆಯವರು ಕೇಳುವ ಮೊದಲೇ ತಮ್ಮ ಬೇಲಿಯನ್ನು ಬಿಚ್ಚಿಸಿ, ಅಡಿಕೆ ಒಣಗಿಸುವ ಅಂಗಳದ ಮೇಲೆಯೇ ಕ್ರೇನು ಬರಲಿ ಎಂದರು. ಸಗಣಿ ಸಾರಿಸಿ ಹದ ಮಾಡಿದ್ದ ಅಂಗಳದಲ್ಲಿ ಚಕ್ರದ ಗುಂಡಿಗಳು ಬಿದ್ದವು. ಅಂಗಳವನ್ನು ಈ ಸುಗ್ಗಿಯೊಳಗೆ ಮೊದಲಿನಂತೆಯೇ ಮಾಡಿಕೊಡುವುದು ನಮ್ಮ ಹೊಣೆ.

ಅಂಗಳದ ಅಂಚಿನಲ್ಲಿ ಇಳಿದ ಯಂತ್ರವನ್ನು ಶೆಡ್ಡಿನ ತಗ್ಗು ಮಾಡಿನ ಒಳಗೆ ಸೇರಿಸಲು ಕ್ರೇನು ಉಪಯೋಗಕ್ಕೆ ಬರುವುದಿಲ್ಲ. ಆ ಕೊನೆಯ ಅರವತ್ತು ಅಡಿ ಎಪಿಎಂಸಿ ಪ್ರಾಂಗಣದ ಹಮಾಲರದು. ಅಡಿಕೆ ಮೂಟೆ ಹೊರುವವರಿಗೆ ಈ ಕೆಲಸ ಬರುತ್ತದೆಯೇ ಎಂದು ಯಾರೋ ಅನುಮಾನಪಟ್ಟಿದ್ದರು. ಅವರ ಮೇಸ್ತ್ರಿ ಬಂದವರೇ ಯಂತ್ರದ ಸುತ್ತ ಒಂದು ಸುತ್ತು ನಡೆದು, ಭಾರ ಮೋಟಾರಿನ ಕಡೆಗಿದೆ ಎಂದು ನೋಟದಲ್ಲೇ ಅಂದಾಜು ಮಾಡಿದರು. ಬುಡಕ್ಕೆ ಮತ್ತಿ ಮರದ ಎರಡು ತೊಲೆಗಳನ್ನು ಬಿಗಿದು, ನೆಲಕ್ಕೆ ಹಲಗೆ ಹಾಸಿ, ಹಲಗೆಗೂ ತೊಲೆಗೂ ನಡುವೆ ಕಬ್ಬಿಣದ ಪೈಪುಗಳನ್ನು ಇಟ್ಟು, ಮುಂದಿನಿಂದ ಚೈನ್ ಬ್ಲಾಕ್ (ಸರಪಳಿ ರಾಟೆ) ಎಳೆಯುತ್ತಿರಲು ಹಿಂದಿನಿಂದ ಹಾರೆಯಲ್ಲಿ ಮೀಟುವುದು; ಹಿಂದೆ ಬಿಡುಗಡೆಯಾದ ಪೈಪನ್ನು ಒಬ್ಬ ಹೊತ್ತು ಮುಂದಕ್ಕೆ ಓಡುವುದು. ಇಳಿಜಾರು ಇರುವಲ್ಲಿ ಇಬ್ಬರು ಬೆಣೆ ಹಿಡಿದು ತೊಲೆಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಸರಿಯುತ್ತಿದ್ದರು. ಮೇಸ್ತ್ರಿಯವರ ಹೊರತು ಬೇರೆಯವರು ಬಾಯಿ ತೆರೆಯಕೂಡದೆಂಬುದು ಅವರ ಕಟ್ಟಪ್ಪಣೆ, ಮಾಲೀಕರಾದ ನಮಗೂ ಅದು ಅನ್ವಯಿಸಿತು. ಯಾರ ಬೆರಳಿಗೂ ಒಂದು ತರಚು ಗಾಯವಾಗದೆ ಯಂತ್ರ ಒಳಗೆ ಬಂತು. ಗೊತ್ತುಮಾಡಿದ ಕೂಲಿಯ ಮೇಲೆ ನಾವು ಕೊಟ್ಟದ್ದು ಬಹಳವೇನಲ್ಲ, ಆ ಕೌಶಲಕ್ಕೆ ಮಾರುಕಟ್ಟೆಯಲ್ಲಿ ಇರುವ ದರವೇ ತೀರ ಕಡಿಮೆ ಎಂದು ಇಲ್ಲಿ ಹೇಳಲೇಬೇಕು.

ಪಾಯ ಹಾಕಿದ ಗಾರೆ ಮೇಸ್ತ್ರಿಯವರು ಜಂಬಿಟ್ಟಿಗೆ ನೆಲವನ್ನು ಗಟ್ಟಿ ಸಿಗುವವರೆಗೆ ಅಗೆಸಿ, ಕಾಂಕ್ರೀಟಿನ ಮೇಲೆ ಒದ್ದೆ ಗೋಣಿತಾಟು ಹೊದಿಸಿ, 28 ದಿನ ತುಂಬುವವರೆಗೆ ಭಾರ ಇಡಗೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ನಮ್ಮ ಅವಸರಕ್ಕೆ ಅವರು ಸೊಪ್ಪು ಹಾಕದಿದ್ದುದು ಒಳ್ಳೆಯದೇ ಆಯಿತು. ಯಂತ್ರ ಕೂರಿಸುವ ದಿನ ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ನಿಲ್ಲುವವರೆಗೆ ತಗಡಿನ ಚೂರುಗಳನ್ನು ತೂರಿಸುತ್ತ, ತೆಗೆಯುತ್ತ, ಸಂಜೆಯವರೆಗೆ ತಾವೂ ನೆಲದಲ್ಲಿ ಮಲಗಿದ್ದರು.

ಮೂರು ಫೇಸ್ ಸಂಪರ್ಕದ ಹೆಚ್ಚುವರಿ ಲೋಡು ಮಳೆಗಾಲದ ಮೊದಲೇ ಸಿಕ್ಕಿದ್ದಕ್ಕೆ ಮೆಸ್ಕಾಂನ ಸ್ಥಳೀಯ ಸಿಬ್ಬಂದಿಗೆ, ವಿಶೇಷವಾಗಿ ನಮ್ಮ ಫೀಡರಿನ ಲೈನ್‌ಮನ್ ಅವರಿಗೆ, ಧನ್ಯವಾದಗಳು. ವೈರಿಂಗ್ ಮಾಡಿದ ಯುವಕ ಬೆಲ್ಟ್ ಹಾಕುವ ಮುನ್ನವೇ ಮೋಟಾರನ್ನು ಒಂದು ಕ್ಷಣ ಓಡಿಸಿ ದಿಕ್ಕು ನೋಡಿದ. ಮೋಟಾರು ಹಿಮ್ಮುಖವಾಗಿ ತಿರುಗಿತು. ಎರಡು ಫೇಸುಗಳ ತಂತಿಗಳನ್ನು ಅದಲುಬದಲು ಮಾಡಿದ ಮೇಲೆ ಸರಿಹೋಯಿತು. ವಯಸ್ಸಿಗೆ ಮೀರಿದ ಎಚ್ಚರ ಅವನದು. ಕಟರ್ ಬ್ಲಾಕಿನ ಮೇಲಿನ ರಕ್ಷಾಕವಚವನ್ನು ಹೊಸದಾಗಿ ಮಾಡಿಕೊಟ್ಟವರು ನಮ್ಮೂರಿನ ವೆಲ್ಡಿಂಗ್ ಅಂಗಡಿಯವರು. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯ್ದೆ ತಿರುಗುವ ಭಾಗಗಳಿಗೆ ರಕ್ಷಣೆ ಇರಬೇಕೆಂದು ಹೇಳಿತ್ತು. ನಮ್ಮಂಥ ನಾಲ್ವರ ಶೆಡ್ಡು ಕಾಯ್ದೆಯ ಲೆಕ್ಕಕ್ಕೆ ಬರದಿದ್ದರೂ ಬೆರಳುಗಳು ಎಲ್ಲ ಶೆಡ್ಡುಗಳಲ್ಲೂ ಹತ್ತೇ ಎಂದು ಅವರು ನಗುತ್ತ ಹೇಳಿ, ಸಾಮಗ್ರಿಯ ಬೆಲೆ ಮಾತ್ರ ಪಡೆದರು.

ಈಗ ಯಂತ್ರದಲ್ಲಿ ಹಾಯುತ್ತಿರುವುದು ಹೆಗಡೆಯವರ ಮಗಳ ಮನೆಯ ಬಾಗಿಲಿಗೆ ಬೇಕಾದ ಹೊನ್ನೆ ಹಲಗೆಗಳು. ಅಮಾವಾಸ್ಯೆಯ ದಿನವೊಂದನ್ನು ಬಿಟ್ಟು ಉಳಿದೆಲ್ಲ ದಿನ ಶೆಡ್ಡು ತೆರೆದಿರುತ್ತದೆ. ಸುತ್ತಲಿನ ಬಡಗಿಗಳು ತಮ್ಮ ಹಲಗೆಗಳನ್ನು ಹಾಯಿಸಿಕೊಳ್ಳಲು ತರಬಹುದು, ದರವನ್ನು ಶಿವಮೊಗ್ಗಕ್ಕಿಂತ ಕಡಿಮೆಯೇ ಇಟ್ಟಿದ್ದೇವೆ. ಹಳೆಯ ಮನೆ ಬಿಚ್ಚಿದ ಮರ ತರುವವರು ಮೊಳೆಗಳನ್ನು ಕಿತ್ತು, ಅಂಟಿದ ಗಾರೆಯನ್ನು ಕೆರೆದು ತರಬೇಕಾಗಿ ಕೋರಿಕೆ, ಏಕೆಂದರೆ ಆ ಕುಟುಂಬ ಎಣ್ಣೆ ಕಾಗದದಲ್ಲಿ ಕಾಪಾಡಿ ಕೊಟ್ಟಂಥ ಬ್ಲೇಡುಗಳು ನಮ್ಮಲ್ಲಿರುವುದು ಒಂದೇ ಜೊತೆ.