ಮಂತ್ರಿಗಳು ಐದು ಮಂದಿ ಸರಿ, ನಮ್ಮ ಕಡತ ಯಾರ ಮೇಜಿನಲ್ಲಿದೆ?

ಹಾಸನದ ಸಂಸದ ಶ್ರೀ ಶ್ರೇಯಸ್ ಪಟೇಲ್ ಅವರಿಗೂ ಉಡುಪಿ–ಚಿಕ್ಕಮಗಳೂರಿನ ಸಂಸದ ಶ್ರೀ ಕೋಟ ಶ್ರೀನಿವಾಸ ಪೂಜಾರಿ ಅವರಿಗೂ,

ಮಾನ್ಯರೇ,

ತಮ್ಮಲ್ಲಿ ಒಬ್ಬರು ವಿರೋಧ ಪಕ್ಷದ ಸಾಲಿನಲ್ಲಿ ಕೂರುವವರು, ಇನ್ನೊಬ್ಬರು ಆಡಳಿತ ಪಕ್ಷದವರು. ಆದರೂ ಇಬ್ಬರಿಗೂ ಒಂದೇ ಪತ್ರ. ಸಕಲೇಶಪುರದ ಕಾಫಿ ಒಬ್ಬರ ಪಾಲಿಗೆ, ಮೂಡಿಗೆರೆಯ ಕಾಫಿ ಇನ್ನೊಬ್ಬರ ಪಾಲಿಗೆ. ಚಿಕ್ಕಮಗಳೂರು ಜಿಲ್ಲೆಯದೇ ಆದ ಕಡೂರು ಮತ ಹಾಕುವುದು ಹಾಸನಕ್ಕೆ, ಪಕ್ಕದ ತರೀಕೆರೆ ಮತ ಹಾಕುವುದು ಕರಾವಳಿಯ ಜೊತೆಗೆ. ಕ್ಷೇತ್ರದ ಗಡಿ ಎಲ್ಲೇ ಇರಲಿ, ಬೆಳೆಯೂ ಅದರ ತಾಪತ್ರಯವೂ ಒಂದೇ.

2024ರ ಜೂನ್ 9ರಂದು ಪ್ರಧಾನಿ ಸೇರಿ 72 ಮಂದಿ ಪ್ರಮಾಣವಚನ ತೆಗೆದುಕೊಂಡಾಗಿನಿಂದ ನಮ್ಮ ಕಡೆ ನಡೆದಿರುವುದು ಒಂದೇ ಲೆಕ್ಕ: ಕರ್ನಾಟಕಕ್ಕೆ ಎಷ್ಟು? ಐದು. ನಿರ್ಮಲಾ ಸೀತಾರಾಮನ್, ಎಚ್.ಡಿ. ಕುಮಾರಸ್ವಾಮಿ, ಪ್ರಲ್ಹಾದ ಜೋಶಿ ಸಂಪುಟ ದರ್ಜೆಯವರು. ಶೋಭಾ ಕರಂದ್ಲಾಜೆ, ವಿ. ಸೋಮಣ್ಣ ರಾಜ್ಯ ಸಚಿವರು. ಹರದನಹಳ್ಳಿಯ ಮಗ ಸಂಪುಟಕ್ಕೆ ಹೋದರು ಎಂದು ಹಾಸನದವರಿಗೆ ಖುಷಿ. ಹತ್ತು ವರ್ಷ ತಮ್ಮ ಸಂಸದೆಯಾಗಿದ್ದವರು ಮತ್ತೆ ಮಂತ್ರಿಯಾದರು ಎಂದು ಚಿಕ್ಕಮಗಳೂರಿನವರಿಗೆ ಖುಷಿ. ಅದಕ್ಕೆ ನಮ್ಮ ತಕರಾರಿಲ್ಲ. ತಲೆ ಎಣಿಸಿದ್ದು ಸಾಕು, ಇನ್ನು ಖಾತೆ ಎಣಿಸಿ ಎನ್ನುವುದಕ್ಕೆ ಈ ಪತ್ರ.

ಸಮ್ಮಿಶ್ರ ಸರ್ಕಾರದಲ್ಲಿ ಸ್ಥಾನಗಳ ಲೆಕ್ಕಕ್ಕೂ ಮಂತ್ರಿಗಿರಿಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಬಹುಮತಕ್ಕೆ 272 ಬೇಕು, ಬಿಜೆಪಿಗೆ ಬಂದದ್ದು 240. ತೆಲುಗುದೇಶಂನ 16, ಜೆಡಿಯುನ 12 ಸೇರಿಸಿದರೂ 268. ಏಕನಾಥ ಶಿಂದೆಯವರ ಶಿವಸೇನೆಯ 7 ಸೇರಿದ ಮೇಲೆಯೇ ಗಡಿ ದಾಟುತ್ತದೆ. ಆದರೆ ಆ ಏಳು ಸಂಸದರ ಪಕ್ಷಕ್ಕೆ ಸಿಕ್ಕಿದ್ದು ಸ್ವತಂತ್ರ ಹೊಣೆಯ ಒಂದು ರಾಜ್ಯ ಸಚಿವ ಸ್ಥಾನ. ಇಬ್ಬರು ಸಂಸದರ ಜೆಡಿಎಸ್‌ಗೂ ಒಬ್ಬರೇ ಸಂಸದರಿರುವ ಜಿತನ್ ರಾಂ ಮಾಂಝಿಯವರ ಪಕ್ಷಕ್ಕೂ ಸಂಪುಟ ದರ್ಜೆ ಸಿಕ್ಕಿತು. ಕುಮಾರಸ್ವಾಮಿ, ಮಾಂಝಿ ಇಬ್ಬರೂ ಮಾಜಿ ಮುಖ್ಯಮಂತ್ರಿಗಳು. ಹಿರಿತನ, ರಾಜ್ಯ, ಜಾತಿ ಎಲ್ಲ ತೂಗಿ ಆದ ಹಂಚಿಕೆ ಇದು. ಹಿಂದೆ ಸಂಪುಟ ದರ್ಜೆಯಲ್ಲಿದ್ದ ತಮ್ಮ ನಾಯಕರಿಗೆ ರಾಜ್ಯ ಸಚಿವ ಸ್ಥಾನ ಬೇಡವೆಂದು ಅಜಿತ್ ಪವಾರ್ ಬಣದ ಎನ್‌ಸಿಪಿ ಆಗ ಹೊರಗೇ ಉಳಿಯಿತು. ಒಟ್ಟು ಮಿತ್ರಪಕ್ಷಗಳಿಗೆ ಬಂದದ್ದು 11 ಸ್ಥಾನ, ಅದರಲ್ಲಿ 5 ಸಂಪುಟ ದರ್ಜೆ: ಭಾರಿ ಕೈಗಾರಿಕೆ ಮತ್ತು ಉಕ್ಕು, ನಾಗರಿಕ ವಿಮಾನಯಾನ, ಪಂಚಾಯತ್ ರಾಜ್ ಜೊತೆಗೆ ಮೀನುಗಾರಿಕೆ–ಹೈನುಗಾರಿಕೆ, ಸಣ್ಣ ಕೈಗಾರಿಕೆ, ಆಹಾರ ಸಂಸ್ಕರಣೆ. ಗೃಹ, ರಕ್ಷಣೆ, ಹಣಕಾಸು, ವಿದೇಶಾಂಗ, ಕೃಷಿ, ವಾಣಿಜ್ಯ, ರೈಲ್ವೆ ದೊಡ್ಡ ಪಕ್ಷದ ಕೈಯಲ್ಲೇ ಉಳಿದವು.

ಎಲ್ಲ ಸಮ್ಮಿಶ್ರ ಸರ್ಕಾರಗಳೂ ಹೀಗಿರಲಿಲ್ಲ ಎಂಬುದನ್ನು ಹಾಸನಕ್ಕೆ ಹೇಳಿಕೊಡಬೇಕಾಗಿಲ್ಲ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಜನತಾದಳದ ಬಳಿ ಇದ್ದದ್ದು 46 ಸಂಸದರು. ಹಣಕಾಸು ತಮಿಳು ಮಾನಿಲ ಕಾಂಗ್ರೆಸ್‌ನ ಚಿದಂಬರಂ ಅವರಿಗೆ, ಗೃಹ ಸಿಪಿಐನ ಇಂದ್ರಜಿತ್ ಗುಪ್ತಾ ಅವರಿಗೆ, ರಕ್ಷಣೆ ಮುಲಾಯಂ ಸಿಂಗ್ ಅವರಿಗೆ ಹೋಯಿತು. ಇಡೀ ಸರ್ಕಾರ ಹೊರಗಿನಿಂದ ಬೆಂಬಲ ಕೊಟ್ಟ ಕಾಂಗ್ರೆಸ್‌ನ ಹಂಗಿನಲ್ಲಿತ್ತು. 1997ರ ಏಪ್ರಿಲ್‌ನಲ್ಲಿ ವಿಶ್ವಾಸಮತ ಸೋತು ಬಿತ್ತು. ಅಂದು ಮಿತ್ರಪಕ್ಷದ ಬಾಗಿಲು ತಟ್ಟಿದರೆ ದೊಡ್ಡ ಖಾತೆಯೇ ಸಿಗುತ್ತಿತ್ತು. ಇಂದು ಹಾಗಿಲ್ಲ, ಅರ್ಜಿ ಹಿಡಿದು ಹೊರಡುವವರು ಇದನ್ನು ಮೊದಲು ತಿಳಿಯಬೇಕು.

‘ಇನ್ನೊಬ್ಬ ಮಂತ್ರಿ ಬೇಕು’ ಎಂಬ ಬೇಡಿಕೆಗೂ ಮಿತಿಯಿದೆ. 2003ರ 91ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 75(1ಎ) ವಿಧಿಯ ಪ್ರಕಾರ ಪ್ರಧಾನಿ ಸೇರಿ ಮಂತ್ರಿಗಳ ಸಂಖ್ಯೆ ಲೋಕಸಭೆಯ ಬಲದ ಶೇ 15ನ್ನು ಮೀರುವಂತಿಲ್ಲ. 543ರಲ್ಲಿ ಅದು 81. ಮೊದಲ ದಿನವೇ 72 ತುಂಬಿತ್ತು, ಉಳಿದದ್ದು ಒಂಬತ್ತು. ಆ ಒಂಬತ್ತಕ್ಕೆ ಇಡೀ ದೇಶದ ಪೈಪೋಟಿ. ಇರಲಿ.

ಈಗ ತೋಟಕ್ಕೆ ಬರೋಣ. ಅಡಿಕೆಯನ್ನೇ ತೆಗೆದುಕೊಳ್ಳಿ. ಶೃಂಗೇರಿ, ಕೊಪ್ಪದ ಹಳದಿ ಎಲೆ ರೋಗ, ಎಲೆಚುಕ್ಕೆ ರೋಗದ ಸಂಶೋಧನೆ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯದು, ಅಂದರೆ ಕೃಷಿ ಸಚಿವಾಲಯ. ಆಮದಿಗೆ ಕೆಜಿಗೆ ₹351 ಕನಿಷ್ಠ ಬೆಲೆ ಎಂದು 2023ರ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿದ್ದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ವಾಣಿಜ್ಯ. ಗಡಿಯಲ್ಲಿ ಕಳ್ಳಮಾಲು ಹಿಡಿಯಬೇಕಾದದ್ದು ಕಸ್ಟಮ್ಸ್, ಅಂದರೆ ಹಣಕಾಸು. ಅಡಿಕೆಯಲ್ಲಿ ತೇವಾಂಶ ಶೇ 7 ಮೀರಬಾರದೆಂದು ಹೇಳುವುದು ಆಹಾರ ಸುರಕ್ಷತಾ ಪ್ರಾಧಿಕಾರ, ಅದು ಆರೋಗ್ಯ ಸಚಿವಾಲಯದ ಕೆಳಗೆ; ಮಲೆನಾಡಿನ ಮಳೆಯಲ್ಲಿ ಆ ಏಳನ್ನು ಕಾಪಾಡುವ ಕಷ್ಟ ಅಲ್ಲಿ ಯಾರಿಗೆ ಗೊತ್ತೋ. ಒಂದು ಬೆಳೆಗೆ ನಾಲ್ಕು ಸಚಿವಾಲಯ. ‘ಅಡಿಕೆ ಬೆಳೆಗಾರರನ್ನು ಉಳಿಸಿ’ ಎಂದು ಒಂದೇ ಮನವಿಯಲ್ಲಿ ನಾಲ್ಕನ್ನೂ ಬರೆದು ಒಬ್ಬ ಮಂತ್ರಿಗೆ ಕೊಟ್ಟರೆ ಮೂರು ಭಾಗ ‘ಮುಂದಿನ ಕ್ರಮಕ್ಕಾಗಿ’ ಎಂಬ ಮುಚ್ಚಳಪತ್ರದೊಂದಿಗೆ ಬೇರೆಡೆಗೆ ಹೋಗುತ್ತದೆ, ಹೋದಲ್ಲಿ ಅದನ್ನು ವಿಚಾರಿಸುವವರಿರುವುದಿಲ್ಲ.

ಕಾಫಿ ಇನ್ನೂ ಗೋಜಲು. ಕಾಫಿ ಮಂಡಳಿ, ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ವಾಣಿಜ್ಯ ಸಚಿವಾಲಯದವು. ಕಾಳುಮೆಣಸಿನ ಸಾಂಬಾರ ಮಂಡಳಿಯೂ ಅಲ್ಲೇ. ತೋಟದ ಸಾಲಕ್ಕೆ ಬ್ಯಾಂಕ್ ಸರ್ಫೇಸಿ ಕಾಯ್ದೆಯ (ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ ಕಾಯ್ದೆ) ನೋಟಿಸ್ ಅಂಟಿಸಿದರೆ ಅದು ಹಣಕಾಸು ಸಚಿವಾಲಯದ ಹಣಕಾಸು ಸೇವೆಗಳ ಇಲಾಖೆ. ಕೃಷಿ ಭೂಮಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದರ 31(ಐ) ಕಲಂ ಹೇಳುತ್ತದೆ. ಕಾಫಿ ತೋಟ ಕೃಷಿ ಭೂಮಿಯೋ ಪ್ಲಾಂಟೇಶನ್ನೋ ಎಂಬಲ್ಲಿ ತಗಾದೆ. ಆನೆ ಹಾವಳಿಯೂ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯೂ ಪರಿಸರ ಸಚಿವಾಲಯದ್ದು. ಆರು ರಾಜ್ಯಗಳ 56,825 ಚದರ ಕಿಮೀ ಪ್ರದೇಶ, ಅದರಲ್ಲಿ ಕರ್ನಾಟಕದ್ದೇ 20,668 ಎಂದ 2024ರ ಜುಲೈ 31ರ ಕರಡು ಆರನೆಯದು. ಗೊಬ್ಬರ ರಸಗೊಬ್ಬರ ಸಚಿವಾಲಯದ್ದು.

ಇವುಗಳಲ್ಲಿ ಯಾವುದೂ ಮಿತ್ರಪಕ್ಷದ ಸಂಪುಟ ಸಚಿವರ ಮೇಜಿನಲ್ಲಿಲ್ಲ. ಕರ್ನಾಟಕದ ಐವರಲ್ಲಿ ಹಣಕಾಸು ಸಚಿವರನ್ನು ಬಿಟ್ಟರೆ ಉಳಿದವರ ಖಾತೆಗೆ ನಮ್ಮ ತೋಟ ತಾಗುವುದು ಅಂಚಿನಲ್ಲಿ. 2021ರಿಂದ 2024ರವರೆಗೆ ಕೃಷಿಯಲ್ಲಿ ರಾಜ್ಯ ಸಚಿವೆಯಾಗಿದ್ದ ಶೋಭಾ ಅವರನ್ನು ಸಣ್ಣ ಕೈಗಾರಿಕೆ ಮತ್ತು ಕಾರ್ಮಿಕ ಖಾತೆಗೆ ಕಳಿಸಿದರು. ಅಲ್ಲೂ ನಮ್ಮ ಕೆಲಸವಿದೆ: 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆಯನ್ನು ಒಳಗೆ ಸೇರಿಸಿಕೊಂಡ 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಕಾರ್ಮಿಕ ಸಚಿವಾಲಯದ್ದು, ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಘಟಕಗಳು ಸಣ್ಣ ಕೈಗಾರಿಕೆಯವು. ಉಕ್ಕು ಖಾತೆಯಲ್ಲಿ ನಮ್ಮ ಪಾಲಿಗಿರುವುದು ಕುದುರೆಮುಖ. ಗಣಿ 2005ರ ಕೊನೆಗೆ ನಿಂತ ಮೇಲೆ ಅಲ್ಲಿ ಉಳಿದ ಕಂಪನಿಯ ಊರು, ಮನೆ, ಜಾಗದ ಪ್ರಶ್ನೆ. ಅದನ್ನು ಕುಮಾರಸ್ವಾಮಿಯವರಲ್ಲದೆ ಇನ್ನಾರ ಬಳಿಯೂ ಕೇಳುವಂತಿಲ್ಲ.

ಆದರೆ ಖಾತೆ ಒಂದು, ಸಮಿತಿ ಇನ್ನೊಂದು. ಪ್ರಮಾಣವಚನದ ದಿನ ಎಲ್ಲರೂ ಖಾತೆ ನೋಡಿದರು. 2024ರ ಜುಲೈ 3ರಂದು ಸಂಪುಟ ಸಮಿತಿಗಳು ರಚನೆಯಾದದ್ದನ್ನು ನೋಡಿದವರು ಕಡಿಮೆ. ಆರ್ಥಿಕ ವ್ಯವಹಾರಗಳ ಸಂಪುಟ ಸಮಿತಿಯಲ್ಲಿ ಆಗ ಮಿತ್ರಪಕ್ಷದ ಇಬ್ಬರಿಗೆ ಜಾಗ ಸಿಕ್ಕಿತು, ಒಬ್ಬರು ಕುಮಾರಸ್ವಾಮಿ. ಕೊಬ್ಬರಿಯ ಬೆಂಬಲ ಬೆಲೆ ತೀರ್ಮಾನವಾಗುವುದು ಆ ಮೇಜಿನ ಮೇಲೆ. ವೆಚ್ಚ ಮತ್ತು ಬೆಲೆ ಆಯೋಗ ಶಿಫಾರಸು ಮಾಡುತ್ತದೆ, ಕೃಷಿ ಸಚಿವಾಲಯ ಟಿಪ್ಪಣಿ ಸಿದ್ಧಪಡಿಸಿ ಬೇರೆ ಸಚಿವಾಲಯಗಳ ಅಭಿಪ್ರಾಯ ಕೇಳುತ್ತದೆ, ಬಳಿಕ ಸಮಿತಿಗೆ ತರುತ್ತದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ ₹12,100 ನಿಂತದ್ದು ಹಾಗೆ, ಹಿಂದಿನ ವರ್ಷ 12,000 ಇತ್ತು. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗು ಬೆಳೆಗಾರ ಮಾತಾಡಬೇಕಾದದ್ದು ಬೆಲೆ ಘೋಷಣೆಯಾದ ಮೇಲಲ್ಲ. ಆಯೋಗಕ್ಕೆ ಖರ್ಚಿನ ಲೆಕ್ಕ ಹೋಗುವಾಗ ಒಮ್ಮೆ, ಟಿಪ್ಪಣಿ ಸುತ್ತುತ್ತಿರುವಾಗ ಇನ್ನೊಮ್ಮೆ. ಖರೀದಿ ಕೇಂದ್ರ ತೆರೆಯಲು ರಾಜ್ಯ ಸರ್ಕಾರದ ಪ್ರಸ್ತಾವ ಬೇರೆಯೇ ಹೋಗಬೇಕು. ಅದು ತಡವಾದರೆ ಬೆಲೆ ಕಾಗದದಲ್ಲಿರುತ್ತದೆ, ಕೊಬ್ಬರಿ ಅಟ್ಟದಲ್ಲಿರುತ್ತದೆ.

ಎಲ್ಲವೂ ಸಂಪುಟಕ್ಕೆ ಹೋಗಬೇಕೆಂದೂ ಇಲ್ಲ. ಆಮದು ಸುಂಕ ಏರಿಳಿಸಲು ಹಣಕಾಸು ಸಚಿವಾಲಯದ ಅಧಿಸೂಚನೆ ಸಾಕು. ಕನಿಷ್ಠ ಆಮದು ಬೆಲೆಗೆ ವಿದೇಶ ವ್ಯಾಪಾರ ಕಾಯ್ದೆಯಡಿ ಒಂದು ಅಧಿಸೂಚನೆ ಸಾಕು. 2016ರಲ್ಲಿ ಹಣಕಾಸು ಸಚಿವಾಲಯ ಗೊತ್ತುಮಾಡಿದ ಮಿತಿಯಂತೆ ₹500 ಕೋಟಿವರೆಗಿನ ಯೋಜನೆಗೆ ಖಾತೆಯ ಸಚಿವರೇ ಒಪ್ಪಿಗೆ ಕೊಡಬಹುದು, 500ರಿಂದ 1,000 ಕೋಟಿಗೆ ಹಣಕಾಸು ಸಚಿವರ ಸಹಿಯೂ ಬೇಕು, ಅದರ ಮೇಲಿನದು ಸಂಪುಟಕ್ಕೆ. ಕಾಂಡ ಕೊರೆಯುವ ಬೋರರ್ ಹುಳ ಬಿದ್ದ ಅರೇಬಿಕಾ ಕಾಫಿ ಗಿಡ ಕಿತ್ತು ಮರುನಾಟಿ ಮಾಡಲು ನೆರವು ಕೇಳುವವರು ₹500 ಕೋಟಿಯೊಳಗಿನ ಪ್ರಸ್ತಾವ ಇಟ್ಟರೆ ಒಬ್ಬ ಸಚಿವರನ್ನು ಒಪ್ಪಿಸಿದರೆ ಮುಗಿಯಿತು. ‘ಸಾವಿರಾರು ಕೋಟಿಯ ಪ್ಯಾಕೇಜ್’ ಎಂದು ವೇದಿಕೆಯಲ್ಲಿ ಕೇಳಿದಾಗ ಚಪ್ಪಾಳೆ ಬೀಳುತ್ತದೆ, ಕಡತ ಮಾತ್ರ ಉದ್ದದ ದಾರಿ ಹಿಡಿಯುತ್ತದೆ.

ರಾಜ್ಯ ಸಚಿವರ ವಿಷಯದಲ್ಲೂ ಒಂದು ಭ್ರಮೆ ಕಳೆಯಬೇಕು. ಸ್ವತಂತ್ರ ಹೊಣೆ ಇಲ್ಲದ ರಾಜ್ಯ ಸಚಿವರು ಸಂಪುಟ ಸಭೆಯಲ್ಲಿ ಕೂರುವುದಿಲ್ಲ, ಕರೆದರೆ ಮಾತ್ರ ಹೋಗುತ್ತಾರೆ. ಹಿರಿಯ ಸಚಿವರು ಯಾವ ಕೆಲಸ ಒಪ್ಪಿಸಿದ್ದಾರೋ ಅಷ್ಟೇ ಕಡತ ಅವರ ಬಳಿ ಬರುತ್ತದೆ. ಆದ್ದರಿಂದ ರೈಲಿಗಾಗಿ ರೈಲ್ವೆ ರಾಜ್ಯ ಸಚಿವ ಸೋಮಣ್ಣನವರ ಬಳಿ ಹೋಗುವ ಮೊದಲು ಆ ಕೆಲಸ ಅವರ ಹಂಚಿಕೆಯಲ್ಲಿದೆಯೇ ಎಂದು ಕೇಳಿಕೊಳ್ಳುವುದು ಲೇಸು. ವಾಣಿಜ್ಯದಲ್ಲಿ ತೋಟ ಬೆಳೆಗಳ ವಿಭಾಗವನ್ನು ಯಾರು ನೋಡುತ್ತಾರೆಂಬ ಕೆಲಸ ಹಂಚಿಕೆಯ ಆದೇಶವನ್ನು ತಾವು ತರಿಸಿ ಪ್ರಕಟಿಸಿ. ಅರ್ಜಿ ಹಿಡಿದು ದೆಹಲಿಗೆ ಹೋಗುವವರಿಗೆ ಅರ್ಧ ದಾರಿ ಉಳಿಯುತ್ತದೆ.

ಶ್ರೀ ಪೂಜಾರಿಯವರೇ, ಆಡಳಿತ ಪಕ್ಷದವರಾದ ತಮಗೆ ಸಿಗುವುದು ಟಿಪ್ಪಣಿ ತಯಾರಾಗುವ ಹಂತದಲ್ಲಿ ಒಳಹೋಗುವ ಅವಕಾಶ. ಸಭೆಯಲ್ಲಿ ಗದ್ದಲ ಮಾಡುವುದು ತಮ್ಮಿಂದ ಆಗದು, ಆಗಬೇಕಾಗಿಯೂ ಇಲ್ಲ. ಬಜೆಟ್‌ನ ಸುಂಕ ಬದಲಾವಣೆಯ ಬೇಡಿಕೆ ನವೆಂಬರ್‌ನೊಳಗೆ ಕಂದಾಯ ಇಲಾಖೆ ತಲುಪಬೇಕು, ಜನವರಿಯಲ್ಲಿ ಭೇಟಿಯಾದರೆ ಚಿತ್ರ ಮಾತ್ರ ಪತ್ರಿಕೆಯಲ್ಲಿ ಬರುತ್ತದೆ. ಸರ್ಫೇಸಿ ವಿಷಯದಲ್ಲಿ ವಾಣಿಜ್ಯ ಸಚಿವರ ಸಹಾನುಭೂತಿ ಸಾಲದು, ಹಣಕಾಸು ಸೇವೆಗಳ ಇಲಾಖೆಯಿಂದ ಬ್ಯಾಂಕುಗಳಿಗೆ ಲಿಖಿತ ಸೂಚನೆ ಬೇಕು. ಅದನ್ನೇ ಕೇಳಿ, ಬೇರೇನೂ ಸೇರಿಸಬೇಡಿ.

ಶ್ರೀ ಪಟೇಲ್ ಅವರೇ, ತಮ್ಮ ಕೈಯಲ್ಲಿರುವ ಆಯುಧ ಸದನದ ಪ್ರಶ್ನೆ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕಿ ಗುರುತಿನ (ಸಚಿವರು ಬಾಯಿಮಾತಿನಲ್ಲಿ ಉತ್ತರಿಸುವ) ಪ್ರಶ್ನೆ, 230 ಚುಕ್ಕಿರಹಿತ (ಲಿಖಿತ ಉತ್ತರದ) ಪ್ರಶ್ನೆ. ಕನಿಷ್ಠ 15 ಪೂರ್ಣ ದಿನ ಮುಂಚೆ ಸೂಚನೆ ಕೊಡಬೇಕು, ಚೀಟಿ ಎತ್ತಿದಾಗ ಹೆಸರು ಬರಬೇಕು. ಒಂದೊಂದು ಸಚಿವಾಲಯಕ್ಕೆ ವಾರದಲ್ಲಿ ಒಂದು ದಿನ. ಅಡಿಕೆಯ ತೇವಾಂಶವನ್ನು ಕೃಷಿಗೆ ಕೇಳಿದರೆ ಪ್ರಶ್ನೆ ಆರೋಗ್ಯಕ್ಕೆ ವರ್ಗವಾಗಿ ದಿನ ಕೈತಪ್ಪುತ್ತದೆ. ಚುಕ್ಕಿರಹಿತ ಪ್ರಶ್ನೆಯನ್ನು ಕಡೆಗಣಿಸಬೇಡಿ: ಅಂಕಿ ಅಂಶದ ಲಿಖಿತ ಉತ್ತರ ಸಿಗುವುದು ಅಲ್ಲೇ, ಮುಂದಿನ ಅರ್ಜಿಗೆ ಅದೇ ಆಧಾರ. ಮಂತ್ರಿಗಳು ಕೂರುವಂತಿಲ್ಲದ ಸ್ಥಾಯಿ ಸಮಿತಿಗಳಲ್ಲಿ ಎರಡೂ ಕಡೆಯ ಸಂಸದರಿಗೆ ಸಮಾನ ಧ್ವನಿ. ವಾಣಿಜ್ಯ ಸಮಿತಿಯ ಸದಸ್ಯರು ಯಾರೇ ಇರಲಿ, ಬಜೆಟ್ ಅಧಿವೇಶನದ ಬಿಡುವಿನಲ್ಲಿ ಅನುದಾನದ ಬೇಡಿಕೆಗಳನ್ನು ಅವರು ಪರಿಶೀಲಿಸುವ ಮೊದಲು ಕಾಫಿ ಮಂಡಳಿಯ ಲೆಕ್ಕ ಅವರ ಕೈಯಲ್ಲಿರಲಿ.

ತಾವಿಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅದನ್ನು ಪಕ್ಷದ ಲೆಕ್ಕದಲ್ಲಿ ಬದಿಗಿಡುವುದು ಯಾವ ಮಂತ್ರಿಗೂ ಸುಲಭವಲ್ಲ. ಮೊದಲಿಗೆ ಎರಡೇ ವಿಷಯ ಸಾಕು: ಅಡಿಕೆಯ ತೇವಾಂಶ ಆರೋಗ್ಯ ಸಚಿವರಿಗೆ, ತೋಟದ ಸಾಲ ಹಣಕಾಸು ಸಚಿವರಿಗೆ. ಒಂದೊಂದಕ್ಕೆ ಒಂದೊಂದು ಪುಟ, ಪ್ರತಿಯೊಂದರಲ್ಲಿ ಒಂದೇ ಕೋರಿಕೆ. ಕರಡು ಎರಡನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದರೊಂದಿಗೆ ಇಟ್ಟಿದ್ದೇವೆ. ತಿದ್ದಬೇಕಾದರೆ ತಿದ್ದಿ, ಸಹಿ ಹಾಕಿ, ತಲುಪಿಸಿದ ದಿನಾಂಕವನ್ನೂ ಕಡತದ ಸಂಖ್ಯೆಯನ್ನೂ ನಮಗೆ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಬೇಲೂರು, ಸಕಲೇಶಪುರ, ಮೂಡಿಗೆರೆ, ಕೊಪ್ಪ ಮತ್ತು ಕಡೂರು ತಾಲ್ಲೂಕುಗಳ ಕೆಲವು ಬೆಳೆಗಾರರು