ಮರುವಾರವೂ ಬೇಕಾಗುವ ಸೇವೆ

ಮಾನ್ಯ ಸಂಪಾದಕರೇ,

ಕ್ರಿಸ್ಮಸ್ ಹತ್ತಿರವಾದಂತೆ ಕ್ರೈಸ್ತ ಸಭೆಗಳು ಕಂಬಳಿ ಹಂಚಿದ, ರೋಗಿಗಳಿಗೆ ಹಣ್ಣು ಕೊಟ್ಟ, ವೃದ್ಧಾಶ್ರಮಗಳಲ್ಲಿ ಊಟ ಬಡಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಚಿತ್ರಸಹಿತ ಪ್ರಕಟವಾಗುತ್ತವೆ. ಆ ಕೆಲಸವನ್ನು ನಾನು ಹಗುರವಾಗಿ ಕಾಣುವುದಿಲ್ಲ; ಚಳಿಯಲ್ಲಿ ನಡುಗುವವನಿಗೆ ಯಾರು ಹೊದಿಸಿದರೂ ಕಂಬಳಿ ಬೆಚ್ಚಗೇ ಇರುತ್ತದೆ. ಆದರೆ ಅಂಥದೇ ಒಂದು ಸಭೆಯ ಸದಸ್ಯನಾಗಿ ನನ್ನನ್ನು ಕಾಡುವ ಪ್ರಶ್ನೆಯೆಂದರೆ, ಮರುವಾರ ಅದೇ ಹಾಸಿಗೆಯ ಬಳಿಗೆ ಹೋಗುವವರು ಯಾರು ಎಂಬುದು. ದೇವರನ್ನೂ ನೆರೆಯವರನ್ನೂ ಸಮರ್ಪಣಾಭಾವದಿಂದ ಸೇವಿಸಬೇಕೆಂದು ನಮ್ಮ ಪ್ರಸಂಗಗಳಲ್ಲಿ ಧಾರಾಳವಾಗಿ ಹೇಳಲಾಗುತ್ತದೆ. ಆ ಸಮರ್ಪಣೆಯಲ್ಲಿ ಮರಳಿ ಹೋಗುವ ಹೊಣೆಯೂ ಸೇರಿದೆ ಎಂಬ ಮಾತು ಮಾತ್ರ ಅಪರೂಪಕ್ಕೆ ಕಿವಿಗೆ ಬೀಳುತ್ತದೆ.

ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಸಮಾರ್ಯದವನ ಸಾಮ್ಯವನ್ನು, ಅಂದರೆ ದೃಷ್ಟಾಂತಕಥೆಯನ್ನು ಬಲ್ಲವರೆಲ್ಲ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಅವನು ಎತ್ತಿಕೊಂಡ ಕ್ಷಣವನ್ನೇ ನೆನೆಯುತ್ತೇವೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ವಾಹನಪಶುವಿನ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಒಯ್ದು ಆರೈಕೆ ಮಾಡುತ್ತಾನೆ. ಮಾರನೆಯ ದಿನ ಛತ್ರದವನ ಕೈಗೆ 2 ದಿನಾರಿಗಳನ್ನು, ಅಂದರೆ ಅಂದಿನ ಕೂಲಿಯವನ 2 ದಿನಗಳ ದುಡಿಮೆಯಷ್ಟು ಹಣವನ್ನು ಕೊಟ್ಟು, ಇದಕ್ಕಿಂತ ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆ ಎನ್ನುತ್ತಾನೆ. ನನ್ನ ಮಟ್ಟಿಗೆ ಇಡೀ ಸಾಮ್ಯದ ತೂಕ ಆ ತಿರುಗಿ ಬರುವ ಮಾತಿನಲ್ಲಿದೆ. ಮೊದಲ ದಿನದ ಕರುಣೆ ಕಣ್ಣಿಗೆ ಬಿದ್ದ ರಕ್ತದಿಂದ ಹುಟ್ಟಿದ್ದಿರಬಹುದು. ಎರಡನೆಯ ದಿನದ್ದು ಲೆಕ್ಕ ಹಾಕಿ, ಹೊರೆ ಎಂದು ತಿಳಿದೂ ಹೊತ್ತುಕೊಂಡದ್ದು. ಇನ್ನು ಅವನಿಗಿಂತ ಮೊದಲು ಗಾಯಾಳುವನ್ನು ಕಂಡೂ ಪಕ್ಕಕ್ಕೆ ಸರಿದುಹೋದ ಯಾಜಕನ ವಿಷಯ. ಅವನು ದೇವಾಲಯದ ಸೇವೆಗೆ ತಡವಾಗುತ್ತದೆಂದು ಅವಸರಪಟ್ಟನೆಂದು ಕೆಲವರು ಸಮಜಾಯಿಷಿ ಕೊಡುವುದುಂಟು. ಆದರೆ ಅವನು ಆ ದಾರಿಯಲ್ಲಿ ಇಳಿದು ಹೋಗುತ್ತಿದ್ದನೆಂದು ಲೂಕನು ಬರೆದಿದ್ದಾನೆ. ದೇವಾಲಯವಿದ್ದ ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವವನ ಬೆನ್ನು ದೇವಾಲಯದ ಕಡೆಗಿರುತ್ತದೆ.

ಆರಾಧನೆ ದೊಡ್ಡದು, ಊಟ ಬಡಿಸುವುದು ಚಿಕ್ಕದು ಎಂಬ ಎಣಿಕೆಯೂ ನಮ್ಮಲ್ಲಿ ಆಳವಾಗಿ ಕೂತಿದೆ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ, ದಿನದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯ ಯೆಹೂದ್ಯರು ಗೊಣಗುಟ್ಟಿದಾಗ, ಯೇಸುವಿನ ಆಪ್ತ ಶಿಷ್ಯರಾದ ಅಪೊಸ್ತಲರು ಆ ಕೆಲಸಕ್ಕೆ ಬಿಡುವಾಗಿದ್ದ ಯಾರನ್ನೋ ಹಚ್ಚಲಿಲ್ಲ. ಒಳ್ಳೆಯ ಹೆಸರುಳ್ಳ, ಪವಿತ್ರಾತ್ಮದಿಂದಲೂ ಜ್ಞಾನದಿಂದಲೂ ತುಂಬಿದ 7 ಜನರನ್ನು ಆರಿಸುವಂತೆ ಹೇಳಿ, ಪ್ರಾರ್ಥಿಸಿ, ಆ ಸೇವೆಗೆ ನೇಮಿಸಿದ ಗುರುತಾಗಿ ಅವರ ಮೇಲೆ ಕೈಗಳನ್ನಿಟ್ಟರು. ಮೂಲ ಗ್ರೀಕ್ ಪಠ್ಯದಲ್ಲಿ ಹಂಚಿಕೆಯ ಕೆಲಸಕ್ಕೂ ವಾಕ್ಯದ ಸೇವೆಗೂ, ಅಂದರೆ ಬೋಧನೆಗೂ ಬಳಕೆಯಾಗಿರುವ ಪದ ಒಂದೇ, ದಿಯಾಕೋನಿಯಾ. ಅನ್ನ ಬಡಿಸುವವನಿಗೂ ಬೋಧಿಸುವವನಿಗೂ ಹೆಸರು ಒಂದೇ ಆಗಿರುವಾಗ, ಒಬ್ಬನಿಗೆ ಮುಂದಿನ ಸಾಲಿನ ಕುರ್ಚಿ, ಮತ್ತೊಬ್ಬನಿಗೆ ಹಿಂಬಾಗಿಲು ಎಂಬ ಏರ್ಪಾಡು ಎಲ್ಲಿಂದ ಬಂತೋ ತಿಳಿಯದು.

ಮರಳಿ ಹೋಗುವುದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಹೋದಲ್ಲೇ ಉಳಿದವರೂ ಇದ್ದಾರೆ. ಹವಾಯಿಯ ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ನೆಲೆಗೆ ಕೆಲವು ವಾರಗಳಿಗೊಬ್ಬರಂತೆ ಗುರುಗಳು ಸರದಿಯಲ್ಲಿ ಹೋಗಿ ಬರುವುದೆಂದು 1873ರಲ್ಲಿ ಯೋಜನೆಯಾಗಿತ್ತು. ಮೊದಲ ಸರದಿಯಲ್ಲಿ ಹೋದ ಬೆಲ್ಜಿಯಂ ಮೂಲದ ಫಾದರ್ ಡಾಮಿಯನ್ ಅಲ್ಲಿಯೇ ಉಳಿಯಲು ಅನುಮತಿ ಕೇಳಿದರು. ಹುಣ್ಣುಗಳಿಗೆ ಪಟ್ಟಿ ಕಟ್ಟುತ್ತ, ಮನೆಗಳನ್ನು ಕಟ್ಟುತ್ತ, ಸತ್ತವರಿಗೆ ಪೆಟ್ಟಿಗೆ ಮಾಡಿ ಗುಂಡಿ ತೋಡುತ್ತ 16 ವರ್ಷ ಕಳೆದು, ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ 49ನೇ ವಯಸ್ಸಿಗೆ ತೀರಿಕೊಂಡರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಎಲ್ಲರೂ ಡಾಮಿಯನ್ ಆಗಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನಗೆ ಧೈರ್ಯವೂ ಇಲ್ಲ, ಯೋಗ್ಯತೆಯೂ ಇಲ್ಲ. ಸರದಿ ಮುಗಿಯಿತೆಂದು ಅಲ್ಲಿಂದ ಹೊರಡಲು ಅವರಿಗೆ ಸಾಧ್ಯವಿತ್ತು, ಹೊರಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ ಎಂಬುದನ್ನಷ್ಟೇ ನೆನಪಿಸುತ್ತಿದ್ದೇನೆ.

ಸಮರ್ಪಣೆಯ ಹೆಸರಿನಲ್ಲಿ ನಾಲ್ಕೈದು ಜನರನ್ನೇ ಗಾಣಕ್ಕೆ ಕಟ್ಟುವುದನ್ನೂ ನಾನು ಒಪ್ಪಲಾರೆ. ಬಹುತೇಕ ಸಭೆಗಳಲ್ಲಿ ರೋಗಿಗಳ ಭೇಟಿ, ಭಾನುವಾರಶಾಲೆ, ಲೆಕ್ಕಪತ್ರ, ಕಸ ಗುಡಿಸುವುದು ಎಲ್ಲವೂ ಅದೇ ಕೆಲವರ ಹೆಗಲಿಗೆ ಬೀಳುತ್ತವೆ. ಉಳಿದವರು ಅವರನ್ನು ಹೊಗಳುವ ಸೇವೆಯನ್ನು ಮಾತ್ರ ತಪ್ಪದೆ ಮಾಡುತ್ತಾರೆ. ಬೆಳಗಿನಿಂದ ಸಂಜೆಯ ತನಕ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಯನ್ನು ಕಂಡ ಅವನ ಮಾವ ಇತ್ರೋನನು, ಹೀಗಾದರೆ ನೀನೂ ಬಳಲುವೆ, ಜನರೂ ಬಳಲುವರು ಎಂದು ಎಚ್ಚರಿಸಿ, ಸಾವಿರ, ನೂರು, ಐವತ್ತು, ಹತ್ತು ಮಂದಿಯ ಮೇಲೆ ಮುಖ್ಯಸ್ಥರನ್ನು ನೇಮಿಸಲು ಸೂಚಿಸಿದ್ದು ಬೈಬಲಿನ ವಿಮೋಚನಕಾಂಡದ 18ನೇ ಅಧ್ಯಾಯದಲ್ಲಿದೆ. ವಾರಕ್ಕೆ ಒಂದು ಗಂಟೆ ಕೊಡಬಲ್ಲವರು 40 ಜನ ಸಿಕ್ಕರೆ ಯಾವ ರೋಗಿಯೂ ಬಾಗಿಲು ನೋಡುತ್ತ ಮಲಗಬೇಕಾಗಿಲ್ಲ.

ಇನ್ನೊಂದು ಮಾತು. ಸುವಾರ್ತೆಯಲ್ಲಿ ಕುರುಡನಾದ ಬಾರ್ತಿಮಾಯನು ಯೇಸುವನ್ನು ಕೂಗಿಕೊಂಡಾಗ ಅವನ ಕೊರತೆ ಏನೆಂಬುದು ನೋಡಿದವರಿಗೆಲ್ಲ ತಿಳಿದಿತ್ತು. ಆದರೂ ಯೇಸು, ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ ಎಂದು ಅವನನ್ನೇ ಕೇಳಿದನು. ನಾವೋ ಮೊದಲು ಕಂಬಳಿ ಕೊಂಡು, ಆಮೇಲೆ ಅದಕ್ಕೊಬ್ಬ ಬಡವನನ್ನು ಹುಡುಕುತ್ತೇವೆ. ಅವನಿಗೆ ಬೇಕಾಗಿದ್ದುದು ಒಂದು ಅರ್ಜಿ ತುಂಬಿಕೊಡುವವರೋ, ಅರ್ಧ ಗಂಟೆ ಪಕ್ಕದಲ್ಲಿ ಕೂರುವವರೋ ಆಗಿರಬಹುದು. ಅವನ ಮುಖವನ್ನು ಕ್ಯಾಮೆರಾದ ಕಡೆಗೆ ತಿರುಗಿಸುವ ಮುನ್ನ ಅವನ ಒಪ್ಪಿಗೆಯನ್ನಾದರೂ ನಾವು ಕೇಳಿರುವುದಿಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಬೋಧೆಯನ್ನು ದಿನವೂ ಓದುವವರು ನಾವು.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಯಾವುದೇ ಸಭೆ, ನನ್ನ ಸಭೆಯೂ ಸೇರಿದಂತೆ, ಇಂಥ ಚಿತ್ರವನ್ನು ಕಳುಹಿಸಿದಾಗ ಅದನ್ನು 6 ತಿಂಗಳು ತೆಗೆದಿರಿಸಿ, ಅನಂತರ ಆ ಹಾಸಿಗೆಯ ಬಳಿಗೆ ಎಷ್ಟು ಸಲ ಹೋಗಿದ್ದೀರಿ ಎಂದು ಒಂದು ದೂರವಾಣಿ ಕರೆ ಮಾಡಿ ಕೇಳಿ. ಉತ್ತರ ಬಂದರೆ ಚಿತ್ರದ ಬದಲು ಅದನ್ನೇ ಪ್ರಕಟಿಸಿ.

ತಮ್ಮ ವಿಶ್ವಾಸಿ,
ಕ್ರೈಸ್ತ ಸಭೆಯೊಂದರ ಸದಸ್ಯ