ತಾಂಡಾದ ಬೋರ್‌ವೆಲ್ಲೂ ಯೋಜನೆಯಲ್ಲಿರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾನು ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ತಾಂಡಾದವಳು. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆ. ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆಗೆ ಊರಿಗೆ ಐವರು ಹೆಣ್ಣುಮಕ್ಕಳಿಗೆ ತರಬೇತಿ ಕೊಡುತ್ತಾರೆ, ಆ ಐವರಲ್ಲಿ ನಾನೂ ಒಬ್ಬಳು. ನೀರಿನ ಯೋಜನೆ ಬರೆಯುವಾಗ ನಮ್ಮಂಥ ಸಣ್ಣ ಜಾಗಗಳನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮಲ್ಲಿರುವುದು ಒಂದು ಬೋರ್‌ವೆಲ್, ಒಂದು ಮಿನಿ ಟ್ಯಾಂಕ್, ದನಕರುಗಳಿಗೆ ಒಂದು ತೊಟ್ಟಿ, ಇಷ್ಟನ್ನು ನೋಡಿಕೊಳ್ಳಲು ಒಬ್ಬ ನೀರುಗಂಟಿ. ಈಗ ನಾರಾಯಣಪುರ ಜಲಾಶಯದಿಂದ ಕೃಷ್ಣಾ ನೀರು ಪೈಪಿನಲ್ಲಿ ಬರುತ್ತಿದೆ. ಅದು ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ನಮ್ಮ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ನೀರು ಪರೀಕ್ಷೆಯ ಕಿಟ್‌ನಲ್ಲಿರುವ ಔಷಧದ ಹನಿ ಬಿಟ್ಟರೆ ಗುಲಾಬಿ ಬಣ್ಣ ನೋಡನೋಡುತ್ತಲೇ ಹಳದಿಗೆ ತಿರುಗುತ್ತದೆ. ಹಳದಿ ಆದಷ್ಟೂ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಬರುವುದಿಲ್ಲ, ಕಾಯಿಸಿದರೂ ಹೋಗುವಂಥದ್ದಲ್ಲ ಅದು. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ದೊಡ್ಡವರಿಗೆ ಕೀಲುನೋವು. ಕುಡಿಯಲು, ಅಡುಗೆಗೆ ನದಿ ನೀರೇ ಬೇಕು.

ಆದರೆ ಪೈಪ್ ಬಂತೆಂದು ಬೋರ್‌ವೆಲ್ ಕೈಬಿಟ್ಟರೆ ಹೇಗೆ? ನಾವಿರುವುದು ಪೈಪ್‌ಲೈನಿನ ಕಟ್ಟಕಡೆಯಲ್ಲಿ. ದೊಡ್ಡ ಊರಿನ ಟ್ಯಾಂಕ್ ತುಂಬಿದ ಮೇಲೆ ಉಳಿದಿದ್ದು ನಮಗೆ. ಎಲ್ಲೋ ಪೈಪ್ ಒಡೆದರೂ, ಪಂಪ್‌ಹೌಸಿನಲ್ಲಿ ಕರೆಂಟ್ ಹೋದರೂ ಮೊದಲು ಒಣಗುವುದು ನಮ್ಮ ನಲ್ಲಿ. ಬೇಸಿಗೆಯಲ್ಲಿ ಒಮ್ಮೆ ಹೀಗೇ ನೀರು ನಿಂತಾಗ ನಮ್ಮ ಬೋರಿನ ಮೋಟಾರೂ ಸುಟ್ಟಿತ್ತು. ರಿಪೇರಿ ಮಾಡಿಸಿ ಅಂದರೆ, ‘ನಿಮಗೆ ನದಿ ನೀರು ಬಂದಿದೆಯಲ್ಲ, ಬೋರ್ ಈಗ ಯೋಜನೆಯಲ್ಲಿಲ್ಲ’ ಅಂದರು. ಹೆಂಗಸರು ಕೊಡ ಹೊತ್ತು ಹೊಲದ ಪಂಪ್‌ಸೆಟ್ಟಿಗೆ ಹೋದೆವು. ತ್ರೀಫೇಸ್ ಕರೆಂಟ್ ರಾತ್ರಿ ಕೊಡುತ್ತಿದ್ದರು, ಹಾಗಾಗಿ ನೀರೂ ರಾತ್ರಿಯೇ.

ಇನ್ನು ದನಕರುಗಳ ಮಾತು. ಮಿಷನ್‌ನಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅನ್ನುವುದು ಮನುಷ್ಯರ ಲೆಕ್ಕ. ಬೇಸಿಗೆಯಲ್ಲಿ ಒಂದು ಎಮ್ಮೆಗೇ ಹೆಚ್ಚುಕಮ್ಮಿ ಅಷ್ಟು ಬೇಕು. ಕುರಿ, ಎತ್ತು, ಎಮ್ಮೆ ಎಲ್ಲ ಸೇರಿದರೆ ಜನಕ್ಕಿಂತ ಜಾಸ್ತಿ ನೀರು ಅವಕ್ಕೇ ಆಗುವ ಮನೆಗಳಿವೆ. ಬಟ್ಟೆ, ಪಾತ್ರೆ, ಸ್ನಾನಕ್ಕೆ ಬೋರ್ ನೀರು ಸಾಕು. ಅಷ್ಟು ದೂರದಿಂದ ಶುದ್ಧ ಮಾಡಿ ತಂದ ನೀರನ್ನು ಸುಮ್ನೆ ಬಟ್ಟೆ ಒಗೆಯೋಕೆ ಯಾಕೆ ಸುರಿಯಬೇಕು?

ನಿಯಮ ಚೆನ್ನಾಗಿಯೇ ಇದೆ. ಸಮಿತಿಯಲ್ಲಿ 10ರಿಂದ 15 ಜನ, ಅರ್ಧದಷ್ಟು ಹೆಂಗಸರು. ಗ್ರಾಮ ಕ್ರಿಯಾ ಯೋಜನೆಯನ್ನು ನಾವೇ ಮಾಡಿ ಗ್ರಾಮಸಭೆಯಲ್ಲಿ ಒಪ್ಪಿಗೆ ಪಡೆಯಬೇಕು. ಜಿಲ್ಲೆಯ ಯೋಜನೆ ಅದರ ಮೇಲೆ ನಿಲ್ಲಬೇಕು. ನಮ್ಮಲ್ಲಿ ಆಗಿದ್ದೇ ಬೇರೆ. ಬರೆದು ಮುಗಿದ ಯೋಜನೆ ನಮ್ಮ ಹತ್ತಿರ ಸಹಿಗೆ ಬಂತು. ತಾಂಡಾದ ಮನೆಗಳನ್ನು ಊರಿನ ಮನೆಗಳ ಜೊತೆ ಕೂಡಿಸಿಬಿಟ್ಟಿದ್ದರು. ಬೋರ್‌ವೆಲ್ ಇಲ್ಲ, ತೊಟ್ಟಿ ಇಲ್ಲ. ಕಾಗದದಲ್ಲಿ ನಾವು ಬೇರೆ ಜಾಗವಾಗಿಯೇ ಇರಲಿಲ್ಲ.

2023ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಬಸರಿಹಾಳ, ಬಿಜಕಲ್‌ನಲ್ಲಿ ವಾಂತಿಭೇದಿಯಿಂದ ಜೀವಗಳು ಹೋದವು. ಯಾವ ಪೈಪ್ ಚರಂಡಿಯಲ್ಲಿ ಹಾದಿದೆ, ಯಾವ ವಾಲ್ವ್ ಸೋರುತ್ತದೆ ಅಂತ ನೀರುಗಂಟಿಗೆ ಗೊತ್ತಿರುವಷ್ಟು ಇನ್ನಾರಿಗೂ ಗೊತ್ತಿರಲ್ಲ. ಅವರನ್ನು ಕೂರಿಸಿಕೊಂಡು ಕೇಳುವ ಸಭೆಯನ್ನು ನಾನಂತೂ ನೋಡಿಲ್ಲ.

ಸಣ್ಣ ಊರು, ತಾಂಡಾ, ದೊಡ್ಡಿಗಳ ಪರವಾಗಿ ಒಬ್ಬ ನೀರುಗಂಟಿ ಮತ್ತು ನೀರು ಪರೀಕ್ಷೆ ಮಾಡುವ ಒಬ್ಬ ಹೆಣ್ಣುಮಗಳಿಗೆ ತಾಲ್ಲೂಕಿನ ನೀರಿನ ಸಭೆಯಲ್ಲಿ ಜಾಗ ಕೊಡಬೇಕು. ಸರದಿ ಪ್ರಕಾರ ಬದಲಾಗುತ್ತಿರಲಿ, ತೊಂದರೆಯಿಲ್ಲ. ಪ್ರತಿ ತಾಂಡಾದ ಬೋರ್‌ವೆಲ್, ಮೋಟಾರ್, ತೊಟ್ಟಿಗಳನ್ನು ಬೇರೆಯಾಗಿ ಬರೆದು, ರಿಪೇರಿಗೆ ಹಣ ಇಡಬೇಕು. ಬೋರ್ ನೀರು ಬಳಕೆಗೆ ಮಾತ್ರ ಅಂತ ನಲ್ಲಿಯ ಮೇಲೆ ಬಣ್ಣ ಬಳಿದು ಗುರುತು ಮಾಡುವ ಕೆಲಸ ನಾವು ಐವರೇ ಮಾಡುತ್ತೇವೆ.

ಅಧಿಕಾರಿಗಳಲ್ಲಿ ಇನ್ನೊಂದು ಮನವಿ. ಸಭೆಯನ್ನು ಬೆಳಗ್ಗೆ ಇಡಬೇಡಿ, ಅದು ನೀರು ಬಿಡುವ ಹೊತ್ತು. ಮಧ್ಯಾಹ್ನ ಇಟ್ಟರೆ ನಮಗೆ ಬಸ್ ಇದೆ, ಬರುತ್ತೇವೆ.

– ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆ, ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ